ದವಡೆಯ ಕೀಲುನೋವು: ಯಾವ ಚಿತ್ರ, ಯಾವಾಗ?



ಪ್ರಸಾದ ಸ್ವೀಕರಿಸುವಾಗ, ವಚನ ಹಾಡುವಾಗ, ಆಕಳಿಸುವಾಗ ನಾವೆಲ್ಲರೂ ಬಳಸುವ ಕೀಲೊಂದು ಕಿವಿಯ ಮುಂದೆಯೇ ಇದೆ. ಅದು ನೊಂದಾಗ ಯಾದಗಿರಿ, ಶಹಾಪುರ, ಸುರಪುರ ಭಾಗದ ಅನೇಕರು ಕಿವಿನೋವೆಂದೋ ಹಲ್ಲುನೋವೆಂದೋ ಬಗೆಯುತ್ತಾರೆ. ಕೆಲವರು ಮೊದಲ ದಿನವೇ ‘ಸ್ಕ್ಯಾನ್ ಬರೆದುಕೊಡಿರಿ’ ಎನ್ನುತ್ತಾರೆ. ಯಾವ ಚಿತ್ರ ಏನನ್ನು ತೋರಿಸುತ್ತದೆ ಎಂಬುದನ್ನು ಅರಿತರೆ ಹಣವೂ ಕಾಲವೂ ಉಳಿಯುತ್ತವೆ.

ಕೀಲಿನ ರಚನೆ

ಕೆಳದವಡೆಯ ಎಲುಬಿನ ದುಂಡನೆಯ ತುದಿಯು ತಲೆಬುರುಡೆಯ ಕುಳಿಯಲ್ಲಿ ಕೂಡುತ್ತದೆ. ಇವೆರಡರ ನಡುವೆ ಮೆತ್ತನೆಯ ಬಿಲ್ಲೆಯೊಂದಿದೆ. ಬಾಯಿ ತೆರೆಯುವಾಗ ಎಲುಬು ಮೊದಲು ತಿರುಗಿ, ಅನಂತರ ಮುಂದಕ್ಕೆ ಜಾರುತ್ತದೆ; ಬಿಲ್ಲೆಯೂ ಜೊತೆಗೆ ಜಾರಬೇಕು. ಬಿಲ್ಲೆ ತನ್ನ ಸ್ಥಾನ ತಪ್ಪಿದರೆ ‘ಟಕ್’ ಎಂಬ ಸಪ್ಪಳ ಬರುತ್ತದೆ, ಕೆಲವೊಮ್ಮೆ ಬಾಯಿ ಅರ್ಧಕ್ಕೇ ನಿಲ್ಲುತ್ತದೆ.

ಆಯುರ್ವೇದವು ಇಂಥ ತೊಂದರೆಗಳನ್ನು ಹನುಗ್ರಹವೆಂದು ವಾತವ್ಯಾಧಿಗಳಲ್ಲಿ ಎಣಿಸಿದೆ. ಒಣ ಪದಾರ್ಥಗಳ ಸೇವನೆ, ಪೆಟ್ಟು, ನಾಲಗೆಯನ್ನು ಅತಿಯಾಗಿ ಕೆರೆಯುವುದು ಕಾರಣಗಳೆಂದು ಅಷ್ಟಾಂಗಹೃದಯ ಹೇಳುತ್ತದೆ. ತೆರೆದ ಬಾಯಿ ಮುಚ್ಚದಿದ್ದಾಗ ದವಡೆಗೆ ಸ್ವೇದನ ನೀಡಿ, ಹೆಬ್ಬೆರಳುಗಳಿಂದ ಒತ್ತಿ, ತೋರುಬೆರಳುಗಳಿಂದ ಗದ್ದವನ್ನು ಮೇಲೆತ್ತುವ ಕ್ರಮವು ಚರಕಸಂಹಿತೆಯಲ್ಲಿದೆ. ಇಂದಿನ ವೈದ್ಯರ ಕ್ರಮವೂ ಬಹುಮಟ್ಟಿಗೆ ಇದೇ. ಆದರೆ ಇದನ್ನು ಮನೆಯಲ್ಲಿ ಪ್ರಯೋಗಿಸಬಾರದು.

ಮೊದಲು ಕೈ, ಆಮೇಲೆ ಯಂತ್ರ

ದರ್ಶನ, ಸ್ಪರ್ಶನ, ಪ್ರಶ್ನ ಎಂಬ ತ್ರಿವಿಧ ಪರೀಕ್ಷೆಯೇ ಇಲ್ಲಿಯೂ ಮೊದಲ ಮೆಟ್ಟಿಲು. ತಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಬಾಯಲ್ಲಿ ಹಿಡಿಸಲು ಬರುತ್ತದೆಯೇ, ದವಡೆ ಒಂದು ಬದಿಗೆ ವಾಲುತ್ತದೆಯೇ, ನೋವು ಕೀಲಿನಲ್ಲಿದೆಯೇ ಸ್ನಾಯುವಿನಲ್ಲಿದೆಯೇ ಎಂಬುದನ್ನು ವೈದ್ಯರು ಪರೀಕ್ಷಿಸುತ್ತಾರೆ. ಕೇವಲ ಸ್ನಾಯುನೋವಿದ್ದರೆ ಸ್ಕ್ಯಾನಿನ ಅಗತ್ಯವೇ ಬಾರದಿರಬಹುದು.

1895ರಲ್ಲಿ ರಾಂಟ್ಜೆನ್ ಕಂಡುಹಿಡಿದ ಕ್ಷ-ಕಿರಣದಿಂದಲೇ ಮೊದಲ ಚಿತ್ರವನ್ನು ತೆಗೆಯಲಾಗುತ್ತದೆ. ಓ.ಪಿ.ಜಿ. ಎಂಬ ಒಂದೇ ಚಿತ್ರದಲ್ಲಿ ಹಲ್ಲು, ಎರಡೂ ದವಡೆ ಹಾಗೂ ಕೀಲಿನ ಎಲುಬು ಕಾಣುತ್ತವೆ. ಆದರೆ ಬಿಲ್ಲೆ ಇದರಲ್ಲಿ ಕಾಣದು. ಎಲುಬಿನ ಸವೆತ, ಮುರಿತ, ಬೆಸುಗೆಗಳನ್ನು ಸೂಕ್ಷ್ಮವಾಗಿ ಅರಿಯಲು ಸಿ.ಟಿ. ಅಥವಾ ಕೋನ್ ಬೀಮ್ ಸಿ.ಟಿ. ಬೇಕು. ಬಿಲ್ಲೆ, ಕೀಲಿನೊಳಗಿನ ನೀರು ಮತ್ತು ಊತವನ್ನು ನೋಡಲು ಎಂ.ಆರ್.ಐ. ಶ್ರೇಷ್ಠ. ಬಾಯಿ ಮುಚ್ಚಿದಾಗ ಒಮ್ಮೆ, ತೆರೆದಾಗ ಒಮ್ಮೆ ಚಿತ್ರ ತೆಗೆದರೆ ಬಿಲ್ಲೆ ಮರಳಿ ಸ್ಥಾನಕ್ಕೆ ಬರುತ್ತದೆಯೋ ಇಲ್ಲವೋ ತಿಳಿಯುತ್ತದೆ. ಇದರಲ್ಲಿ ಕ್ಷ-ಕಿರಣವಿಲ್ಲ, ಆದರೆ ಪೇಸ್‌ಮೇಕರ್ ಅಥವಾ ದೇಹದೊಳಗೆ ಲೋಹವಿದ್ದವರು ಮೊದಲೇ ತಿಳಿಸಬೇಕು. ಗರ್ಭಿಣಿಯರು ಯಾವ ಚಿತ್ರಕ್ಕೂ ಮುನ್ನ ಹೇಳಬೇಕು.

ಚಿತ್ರವೇ ರೋಗವಲ್ಲ

ಯಾವ ನೋವೂ ಇಲ್ಲದವರಲ್ಲಿಯೂ ಬಿಲ್ಲೆ ಜಾರಿರುವುದು ಎಂ.ಆರ್.ಐ.ಯಲ್ಲಿ ಕಾಣುವುದುಂಟು. ಆದ್ದರಿಂದ ವರದಿಯ ಒಂದು ಸಾಲನ್ನೋದಿ ಶಸ್ತ್ರಚಿಕಿತ್ಸೆಗೆ ಅವಸರಿಸಬಾರದು. ಹಾಗೆಯೇ ಗುಟ್ಖಾ, ಅಡಿಕೆ ಜಗಿಯುವವರ ಬಾಯಿ ಕ್ರಮೇಣ ಮುಚ್ಚುತ್ತ ಬಂದರೆ ದೋಷ ಹೆಚ್ಚಾಗಿ ಕೀಲಿನದಲ್ಲ. ಬಾಯಿಯ ಒಳಪದರ ಗಡುಸಾಗಿರುತ್ತದೆ. ಅದು ಮುಂದೆ ಕ್ಯಾನ್ಸರಿಗೆ ತಿರುಗಬಲ್ಲುದು. ಕೀಲಿನ ಚಿತ್ರ ಸರಿಯಿದೆಯೆಂದು ನಂಬಿ ಸುಮ್ಮನಿರದೆ ಚಟವನ್ನು ಬಿಟ್ಟು ದಂತವೈದ್ಯರಿಗೆ ಬಾಯಿ ತೋರಿಸಬೇಕು.

ತಡಮಾಡಬಾರದ ಸಂದರ್ಭಗಳು

ಮಗು ಗದ್ದ ಊರಿ ಬಿದ್ದು ಬಾಯಿ ತೆರೆಯಲು ಕಷ್ಟಪಟ್ಟರೆ ಕೂಡಲೇ ಚಿತ್ರ ತೆಗೆಸಬೇಕು. ಮುರಿತವನ್ನು ಅಲಕ್ಷಿಸಿದರೆ ಕೀಲು ಬೆಸೆದುಕೊಂಡು ಮುಖದ ಬೆಳವಣಿಗೆಯೇ ಕುಂಠಿತವಾಗಬಹುದು. ಗಾಯವಾದ ಬಳಿಕ ದವಡೆ ಬಿಗಿದರೆ ಅದು ಧನುರ್ವಾಯು ಇರಬಹುದು. ದವಡೆನೋವಿನೊಂದಿಗೆ ಎದೆ ಬಿಗಿತ, ಬೆವರು ಕಂಡರೆ ಹೃದಯಾಘಾತವಿರಬಹುದು. ಈ ಎರಡರಲ್ಲೂ ಸ್ಕ್ಯಾನಿಗೆ ಕಾಯದೆ 108ಕ್ಕೆ ಕರೆಮಾಡಿರಿ.

ಉಳಿದವರು ಕೆಲವು ವಾರ ಖಡಕ್ ರೊಟ್ಟಿಯ ಬದಲು ಬಿಸಿರೊಟ್ಟಿಯನ್ನು ಹಾಲು, ಸಾರಿನಲ್ಲಿ ನೆನೆಸಿ ಉಣ್ಣಲಿ. ಹುರಿದ ಶೇಂಗಾ, ಅಡಿಕೆಗಳನ್ನು ವರ್ಜಿಸಲಿ. ಬೆಚ್ಚಗಿನ ಬಟ್ಟೆಯ ಶಾಖ ಹಿತಕರ. ಹಲ್ಲು ಕಚ್ಚುವ ಅಭ್ಯಾಸವಿದ್ದವರು ತುಟಿ ಮುಚ್ಚಿ, ಹಲ್ಲುಗಳನ್ನು ಬಿಡಿಯಾಗಿರಿಸಲು ಕಲಿಯಲಿ. ನೋವು ತಗ್ಗದಿದ್ದರೆ ಕಲಬುರಗಿ ಅಥವಾ ರಾಯಚೂರಿನ ದಂತವೈದ್ಯ ಮಹಾವಿದ್ಯಾಲಯಗಳಿಗೆ ಹೋಗಬಹುದು. ಹೋಗುವಾಗ ಹಳೆಯ ಚಿತ್ರಗಳನ್ನು ಮರೆಯದೆ ಒಯ್ಯಿರಿ. ಹೊಸದರೊಡನೆ ಹೋಲಿಸಿದಾಗಲೇ ರೋಗದ ನಡೆ ತಿಳಿಯುತ್ತದೆ.