ಜನಪ್ರತಿನಿಧಿಯಾಗಿ ಮಹಿಳೆ: ಹಕ್ಕು ಮತ್ತು ಹೊಣೆ

ಪ್ರಜಾಪ್ರಭುತ್ವದಲ್ಲಿ ಮತ ನೀಡುವ ಹಕ್ಕು ಬೇರೆ, ಮತ ಕೇಳುವ ಧೈರ್ಯ ಬೇರೆ. ಮೊದಲನೆಯದನ್ನು ನಮ್ಮ ಸಂವಿಧಾನವು ಸ್ತ್ರೀಪುರುಷ ಭೇದವೆಣಿಸದೆ ಕೊಟ್ಟಿದೆ. ಎರಡನೆಯದನ್ನು ಯಾವ ಶಾಸನವೂ ಕೊಡಲಾರದು. ಅದು ಮನೆಯಲ್ಲಿ, ಶಾಲೆಯಲ್ಲಿ, ಊರಿನಲ್ಲಿ ಬೆಳೆಯಬೇಕಾದ ಗುಣ. ಮಹಿಳೆಯರು ಹೆಚ್ಚಿನ ಸಂಖ್ಯೆಯಲ್ಲಿ ಚುನಾವಣೆಗೆ ನಿಲ್ಲಬೇಕೆಂಬ ಮಾತು ಎಲ್ಲ ವೇದಿಕೆಗಳಲ್ಲಿಯೂ ಕೇಳಿಬರುತ್ತದೆ. ಆದರೆ ನಿಂತವರ ಬೆನ್ನಿಗೆ ನಿಲ್ಲುವವರು ಯಾರು ಎಂಬುದೇ ವಿಚಾರಾರ್ಹವಾದ ಪ್ರಶ್ನೆ.

ಇತಿಹಾಸದಲ್ಲಿ ಇದಕ್ಕೊಂದು ನಿದರ್ಶನವುಂಟು. ಮದರಾಸು ಪ್ರಾಂತದ ಮಹಿಳೆಯರಿಗೆ 1921ರಲ್ಲಿಯೇ ಮತಾಧಿಕಾರ ದೊರೆತಿತ್ತು. ಆದರೆ ಶಾಸನಸಭೆಗೆ ಸ್ಪರ್ಧಿಸುವ ಅವಕಾಶ ತೆರೆದದ್ದು 1926ರಲ್ಲಿ. ಮಂಗಳೂರಿನಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು ಆ ವರ್ಷವೇ ಕಣಕ್ಕಿಳಿದರು. ಅವರನ್ನು ಹುರಿದುಂಬಿಸಿದವರು ಮಾರ್ಗರೆಟ್ ಕಸಿನ್ಸ್ ಎಂಬ ಐರಿಷ್ ಮಹಿಳೆ. ಪ್ರಚಾರಕ್ಕೆ ದೊರೆತ ಕಾಲ ಅತ್ಯಲ್ಪ. ಸೋಲಿನ ಅಂತರವೂ ಅತ್ಯಲ್ಪ. ಗೆಲುವು ಕೈತಪ್ಪಿದರೂ ಹೆಣ್ಣು ಸ್ಪರ್ಧಿಸಬಲ್ಲಳೆಂಬುದು ಸಿದ್ಧವಾಯಿತು. ಒಬ್ಬರ ಪ್ರೋತ್ಸಾಹದ ಮಾತಿಗೆ ಎಷ್ಟು ಬೆಲೆಯಿದೆ ಎಂಬುದಕ್ಕೆ ಈ ಪ್ರಸಂಗವೇ ಸಾಕ್ಷಿ.

ನಮ್ಮ ರಾಜ್ಯದ ಕಡೆಗೆ ನೋಡಿದರೆ, ಗುಂಡ್ಲುಪೇಟೆಯಿಂದ ಏಳು ಸಲ ಆರಿಸಿಬಂದ ಕೆ. ಎಸ್. ನಾಗರತ್ನಮ್ಮನವರು 1972ರಿಂದ 1978ರವರೆಗೆ ವಿಧಾನಸಭೆಯ ಸಭಾಧ್ಯಕ್ಷರಾಗಿ ಆ ಪೀಠವನ್ನೇರಿದ ರಾಜ್ಯದ ಮೊದಲ ಮಹಿಳೆಯೆನಿಸಿದರು. ಆದರೆ ಅರ್ಧ ಶತಮಾನದ ಅನಂತರ, 2023ರ ಚುನಾವಣೆಯಲ್ಲಿ 224 ಸ್ಥಾನಗಳ ಅದೇ ಸಭೆಗೆ ಗೆದ್ದು ಬಂದ ಮಹಿಳೆಯರು ಕೇವಲ 10 ಮಂದಿ. 2024ರಲ್ಲಿ ಲೋಕಸಭೆಯ 543 ಸ್ಥಾನಗಳಿಗೆ ಆಯ್ಕೆಯಾದವರು 74 ಮಂದಿ. ವ್ಯಕ್ತಿಗಳ ಪ್ರತಿಭೆಯೊಂದರಿಂದಲೇ ದಾರಿ ಅಗಲವಾಗದೆಂಬುದು ಇದರಿಂದ ಸ್ಪಷ್ಟ.

ಗ್ರಾಮಮಟ್ಟದ ಚಿತ್ರ ಬೇರೆಯೇ ಆಗಿದೆ. ಅಬ್ದುಲ್ ನಜೀರ್ ಸಾಬರ ಶ್ರಮದಿಂದ ರೂಪುಗೊಂಡ 1983ರ ಕರ್ನಾಟಕದ ಕಾಯಿದೆಯು ಮಂಡಲ ಪಂಚಾಯತಿ ಮತ್ತು ಜಿಲ್ಲಾ ಪರಿಷತ್ತುಗಳಲ್ಲಿ ಮಹಿಳೆಯರಿಗೆ ನೂರಕ್ಕೆ 25ರಷ್ಟು ಸ್ಥಾನಗಳನ್ನು ಮೀಸಲಿಟ್ಟಿತು. 1987ರಲ್ಲಿ ಅದರನ್ವಯ ಚುನಾವಣೆ ನಡೆಯಿತು. ಸಂವಿಧಾನದ 73ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು, ಮೂರನೆಯ ಒಂದು ಭಾಗವು ದೇಶಕ್ಕೆಲ್ಲ ಕಡ್ಡಾಯವಾಯಿತು. 2010ರಲ್ಲಿ ಕರ್ನಾಟಕವು ಈ ಪ್ರಮಾಣವನ್ನು ಅರ್ಧಕ್ಕೆ ಏರಿಸಿತು. 2023ರಲ್ಲಿ ಸಂಸತ್ತು ಅಂಗೀಕರಿಸಿದ 106ನೆಯ ತಿದ್ದುಪಡಿಯು ಲೋಕಸಭೆ ಹಾಗೂ ವಿಧಾನಸಭೆಗಳಲ್ಲಿಯೂ ಮೂರನೆಯ ಒಂದು ಭಾಗವನ್ನು ಮಹಿಳೆಯರಿಗೆ ಮೀಸಲಿಟ್ಟಿತಾದರೂ, ಅದರ ಆಚರಣೆಯನ್ನು ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆಯ ಅನಂತರಕ್ಕೆ ಇರಿಸಿತು.

ಹಾಗಾದರೆ ಕೊರತೆ ಎಲ್ಲಿದೆ? ಮೀಸಲು ಸ್ಥಾನದಲ್ಲಿ ಹೆಂಡತಿಯ ಹೆಸರು, ಸಭೆಯಲ್ಲಿ ಗಂಡನ ಮಾತು ಎಂಬ ಪರಿಪಾಟ ಹಲವೆಡೆ ಬೇರೂರಿದೆ. ಓದದೆ ಹಾಕಿದ ಸಹಿಯು ಅಧಿಕಾರದ ಗುರುತಲ್ಲ, ಅಧಿಕಾರವನ್ನು ಬಿಟ್ಟುಕೊಟ್ಟುದರ ಗುರುತು. ಮೀಸಲಾತಿಯ ಸರದಿ ಬದಲಾದೊಡನೆ, ಐದು ವರ್ಷ ಕಲಿತ ಸದಸ್ಯೆಯನ್ನು ಊರು ಮರೆತುಬಿಡುತ್ತದೆ. ಮಹಿಳೆಯು ಮೀಸಲು ಸ್ಥಾನದಲ್ಲಿ ಮಾತ್ರ ನಿಲ್ಲಬಹುದೆಂಬ ತಪ್ಪು ತಿಳಿವಳಿಕೆಯೂ ಇದೆ. ಸಾಮಾನ್ಯ ಸ್ಥಾನವೆಂದರೆ ಪುರುಷರ ಸ್ಥಾನವಲ್ಲ. ಅಲ್ಲಿ ಸ್ಪರ್ಧಿಸುವ ಹಕ್ಕು ಅವಳಿಗೂ ಸಮನಾಗಿದೆ. ಮೇಲಿನ ಸಭೆಗಳ ಚುನಾವಣೆಯಲ್ಲಿಯಾದರೋ ಪಕ್ಷದ ಟಿಕೆಟ್ಟು, ವೆಚ್ಚ, ಅಪವಾದದ ಭಯ ಇವು ಮೂರೂ ಹೆಣ್ಣಿನ ಹಾದಿಗೆ ಅಡ್ಡ ನಿಲ್ಲುತ್ತವೆ.

ಇಲ್ಲಿ ವಿದ್ಯಾಸಂಸ್ಥೆಗಳ ಪಾತ್ರ ಹಿರಿದು. ಶಾಲಾ ಸಂಸತ್ತಿನ ಚುನಾವಣೆಯಲ್ಲಿ ಬಾಲಕಿಯನ್ನು ಸಾಂಸ್ಕೃತಿಕ ಕಾರ್ಯದರ್ಶಿಯ ಹುದ್ದೆಗೆ ಮೀಸಲಿಡದೆ ನಾಯಕತ್ವಕ್ಕೆ ನಿಲ್ಲುವಂತೆ ಉಪಾಧ್ಯಾಯರು ಪ್ರೇರೇಪಿಸಬಹುದು. ಪಂಚಾಯತಿಗೆ 21, ವಿಧಾನಸಭೆ ಮತ್ತು ಲೋಕಸಭೆಗಳಿಗೆ 25 ವರ್ಷ ತುಂಬಿರಬೇಕೆಂಬ ನಿಯಮ, ನಾಮಪತ್ರ ತುಂಬುವ ಕ್ರಮ, ಪಂಚಾಯತಿಯ ಆಯವ್ಯಯವನ್ನು ಓದುವ ಬಗೆ ಇವು ಪೌರನೀತಿಯ ಪಾಠದಲ್ಲಿ ಪ್ರತ್ಯಕ್ಷ ಅಭ್ಯಾಸವಾಗಬೇಕು. ವಿದ್ಯಾರ್ಥಿನಿಯರನ್ನು ಒಮ್ಮೆ ಗ್ರಾಮಸಭೆಗೆ ಕರೆದೊಯ್ದು ಕೂರಿಸಿದರೆ, ಪುಸ್ತಕ ಹೇಳದ ಎಷ್ಟೋ ಸಂಗತಿಗಳು ಅವರಿಗೆ ತಿಳಿಯುವುವು. ಹಳೆಯ ವಿದ್ಯಾರ್ಥಿಗಳಲ್ಲಿ ವಕೀಲರೂ ಲೆಕ್ಕಪರಿಶೋಧಕರೂ ನಿವೃತ್ತ ಅಧಿಕಾರಿಗಳೂ ಇರುತ್ತಾರೆ. ಹೊಸದಾಗಿ ಆಯ್ಕೆಯಾದ ಸದಸ್ಯೆಯರಿಗೆ ಕಡತ ಓದುವುದನ್ನು ಕಲಿಸುವುದು ಅವರಿಂದ ಸಾಧ್ಯವಾದ ಸೇವೆ. ದಾನಿಗಳು ಇಂಥ ಶಿಬಿರಗಳಿಗೆ ನೆರವಾಗಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಮನೆಯವರು ಅಡುಗೆ, ಮಕ್ಕಳ ಆರೈಕೆಗಳ ಹೊರೆಯನ್ನು ಹಂಚಿಕೊಳ್ಳದೆ ಯಾವ ಮಹಿಳೆಯೂ ನಿಶ್ಚಿಂತೆಯಿಂದ ಸಭೆಯಲ್ಲಿ ಕುಳಿತಿರಲಾರಳು.

ಸ್ತ್ರೀಯರು ಆರಿಸಿಬಂದ ಮಾತ್ರಕ್ಕೆ ಆಡಳಿತವು ತಾನೇ ಶುದ್ಧವಾಗುವುದೆಂದು ಭ್ರಮಿಸಬೇಕಾಗಿಲ್ಲ. ಗುಣದೋಷಗಳು ಇಬ್ಬರಲ್ಲಿಯೂ ಉಂಟು. ಆದರೆ ನೀರಿಗಾಗಿ ಕೊಡ ಹೊತ್ತು ನಡೆದವಳಿಗೆ ನಲ್ಲಿ ಎಲ್ಲಿರಬೇಕೆಂಬುದು ಗೊತ್ತು. ಆ ತಿಳಿವಳಿಕೆಯಿಲ್ಲದೆ ನಡೆಯುವ ಸಭೆಯು ಊರಿನ ಅರ್ಧ ಮಾತನ್ನಷ್ಟೇ ಕೇಳಿದಂತಾಗುತ್ತದೆ. ಉಳಿದರ್ಧ ಮಾತಿಗೆ ಸ್ಥಾನ ದೊರಕಿಸುವುದು ಉಪಕಾರವಲ್ಲ, ಕರ್ತವ್ಯ. ಆ ಕರ್ತವ್ಯವು ತರಗತಿಯ ಕೋಣೆಯಿಂದಲೇ ಆರಂಭವಾಗಲಿ.