ಎತ್ತರಿಸಿದ ಜೀಪುಗಾಡಿಯ ಸ್ಟಿಯರಿಂಗ್ ಅಲೆಯುವುದಕ್ಕೆ ಕಾರಣವೂ ಪರಿಹಾರವೂ

ಮಲೆನಾಡು ಮತ್ತು ಕೊಡಗಿನ ತೋಟಗಳಲ್ಲಿ, ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲವು ಹರಿಯುವ ಜೀಪುಗಾಡಿಯು ಬಹುಕಾಲದಿಂದ ಎತ್ತಿನ ಗಾಡಿಯ ಸ್ಥಾನವನ್ನು ಪಡೆದಿರುತ್ತದೆ. ಎರಡನೆಯ ಮಹಾಯುದ್ಧದ ಉಪಯೋಗಕ್ಕಾಗಿ 1941ರಿಂದ ಅಮೆರಿಕದ ವಿಲ್ಲೀಸ್ ಕಾರ್ಖಾನೆಯಲ್ಲಿ ತಯಾರಾದ ಈ ಗಾಡಿಯನ್ನು, 1947ರ ತರುವಾಯ ಮಹೀಂದ್ರ ಸಂಸ್ಥೆಯವರು ನಮ್ಮ ದೇಶದಲ್ಲಿಯೇ ಜೋಡಿಸಲಾರಂಭಿಸಿದರು. ಆ ಮಾದರಿಯ ಗಾಡಿಗಳೂ ಅವುಗಳ ಸಂತತಿಯೂ ಇಂದಿಗೂ ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆಗಳ ತೋಟಗಳಲ್ಲಿ ದುಡಿಯುತ್ತಿವೆ. ಕೊಡಚಾದ್ರಿಯ ಕಲ್ಲುದಾರಿಯಲ್ಲಿ ಯಾತ್ರಿಕರನ್ನು ಹತ್ತಿಸುತ್ತಿವೆ.

ಕೊರಕಲು ಬಿದ್ದ ದಾರಿಯಲ್ಲಿ ಗಾಡಿಯ ಅಡಿಭಾಗವು ಕಲ್ಲಿಗೆ ತಾಗದಿರಲೆಂದು ಅನೇಕ ಮಾಲೀಕರು ಸ್ಪ್ರಿಂಗುಗಳನ್ನು ಎತ್ತರಿಸಿ, ದೊಡ್ಡ ಟೈರುಗಳನ್ನು ಹಾಕಿಸುವುದುಂಟು. ತೋಟದೊಳಗೆ ಇದರಿಂದ ಪ್ರಯೋಜನವಿದೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದೇ ಗಾಡಿಯು ಡಾಂಬರು ರಸ್ತೆಗೆ ಬಂದು ಸ್ವಲ್ಪ ವೇಗವನ್ನು ಪಡೆದೊಡನೆ ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ತಾನಾಗಿ ಜರುಗುತ್ತ ಹೋಗುವುದು. ಚಾಲಕನು ಅದನ್ನು ಎಡೆಬಿಡದೆ ತಿದ್ದುತ್ತಲೇ ಇರಬೇಕಾಗುವುದು. ಕಾಫಿ ಕೊಯ್ಲಿನ ದಿನಗಳಲ್ಲಿ ಹಿಂದೆ ಆಳುಗಳನ್ನು ಕೂಡಿಸಿಕೊಂಡು ಶಿರಾಡಿ ಅಥವಾ ಚಾರ್ಮಾಡಿ ಘಟ್ಟದಲ್ಲಿ ಹೀಗೆ ಅಲೆಯುವ ಗಾಡಿಯನ್ನು ಇಳಿಸುವುದು ಎಷ್ಟು ಅಪಾಯಕರವೆಂಬುದನ್ನು ವಿವರಿಸಬೇಕಾದುದಿಲ್ಲ. ಇಂಥ ಸಂದರ್ಭದಲ್ಲಿ ಚಾಲಕನ ಕೈ ಸರಿಯಿಲ್ಲವೆಂದು ಅವನನ್ನು ಬದಲಾಯಿಸುವ ಯಜಮಾನರೂ ಇದ್ದಾರೆ. ಚಾಲಕನು ಬದಲಾದ ಮಾತ್ರಕ್ಕೆ ಗಾಡಿಯ ನಡೆಯು ಬದಲಾಗದು. ಗಾಡಿಯನ್ನು ದುರಸ್ತಿಗೆ ಕಳುಹಿಸುವ ಮುಂಚೆ ಮಾಲೀಕರು ದೋಷದ ಮೂಲವನ್ನು ತಾವೇ ಅರಿತಿದ್ದರೆ ಹಣವೂ ಉಳಿಯುವುದು, ಪ್ರಾಣಾಪಾಯವೂ ತಪ್ಪುವುದು.

ಗಾಡಿಯು ನೆಟ್ಟಗೆ ನಡೆಯುವುದು ಹೇಗೆ?

ಮೂಕಿಗೆ ಎತ್ತು ಕಟ್ಟಿ ಎಳೆದ ಗಾಡಿಯು ಹಿಂದೆ ನೆಟ್ಟಗೆ ಬರುವುದು. ಅದನ್ನೇ ಹಿಂದಿನಿಂದ ನೂಕಿದರೆ ಮೂಕಿಯು ಅತ್ತಿತ್ತ ತಿರುಗುವುದು. ಜೀಪಿನ ಮುಂದಿನ ಚಕ್ರಗಳಿಗೂ ಇದೇ ನ್ಯಾಯವು ಅನ್ವಯಿಸುತ್ತದೆ. ಪ್ರತಿಯೊಂದು ಮುಂಚಕ್ರವೂ ಕಿಂಗ್‌ಪಿನ್ ಎಂಬ ಗೂಟದ ಮೇಲೆ ತಿರುಗುವುದಷ್ಟೆ. ಈ ಗೂಟವನ್ನು ನೆಟ್ಟಗೆ ನಿಲ್ಲಿಸದೆ, ಅದರ ತಲೆಯು ಸ್ವಲ್ಪ ಹಿಂದಕ್ಕೆ ವಾಲಿರುವಂತೆ ಕಾರ್ಖಾನೆಯವರು ಇಟ್ಟಿರುತ್ತಾರೆ. ಬೈಸಿಕಲ್ಲಿನ ಮುಂಗವಲು ಹಿಂದಕ್ಕೆ ಓರೆಯಾಗಿರುವುದನ್ನು ಎಲ್ಲರೂ ನೋಡಿದ್ದಾರೆ, ಇದೂ ಅದರಂತೆಯೇ. ಈ ಓರೆಗೆ ಕಾಸ್ಟರ್ ಕೋನವೆಂದು ಹೆಸರು. ಹಳೆಯ ವಿಲ್ಲೀಸ್ ಜೀಪಿಗೆ ಇದು 3 ಡಿಗ್ರಿ.

ಈ ಓರೆಯಿಂದ ಆಗುವುದೇನೆಂದರೆ, ಗೂಟದ ರೇಖೆಯನ್ನು ನೆಲದವರೆಗೆ ಎಳೆದಲ್ಲಿ ಅದು ಟೈರು ನೆಲಕ್ಕೆ ತಾಗುವ ಸ್ಥಳಕ್ಕಿಂತ ಸುಮಾರು ಮುಕ್ಕಾಲು ಅಂಗುಲ ಮುಂದೆ ಬೀಳುತ್ತದೆ. ಗೂಟವು ಎತ್ತಿನಂತೆ ಮುಂದೆ ಎಳೆಯುವುದು; ಟೈರು ಗಾಡಿಯಂತೆ ಹಿಂದೆ ಬರುವುದು. ತಿರುವಿನ ನಂತರ ಸ್ಟಿಯರಿಂಗ್ ಚಕ್ರವು ತಾನಾಗಿ ನೇರಕ್ಕೆ ಮರಳುವುದು ಮುಖ್ಯವಾಗಿ ಈ ಮುಕ್ಕಾಲು ಅಂಗುಲದ ಬಲದಿಂದಲೇ. ಇದು ಕಳೆದುಹೋದಲ್ಲಿ ಚಕ್ರಗಳಿಗೆ ನೇರವೆಂಬುದೇ ಇಲ್ಲದಂತಾಗಿ ಪ್ರತಿ ಕಲ್ಲೂ ಅವುಗಳನ್ನು ತನಗೆ ಬೇಕಾದ ಕಡೆಗೆ ತಿರುಗಿಸುವುದು.

ಎತ್ತರಿಸುವುದರಿಂದ ಕೋನವು ಕೆಡುವ ಬಗೆ

ಎತ್ತರಿಸಿದ ಎಲ್ಲ ಗಾಡಿಗಳೂ ಅಲೆಯುತ್ತವೆಂದು ತಿಳಿಯಕೂಡದು. ಹೇಗೆ ಎತ್ತರಿಸಿದರೆಂಬುದೇ ಮುಖ್ಯ. ಸ್ಪ್ರಿಂಗಿನ ಪಟ್ಟಿಗಳಿಗೆ ಹೆಚ್ಚು ಬಾಗು ಕೊಟ್ಟೋ, ಒಂದು ಪಟ್ಟಿಯನ್ನು ಸೇರಿಸಿಯೋ ಮುಂದೆಯೂ ಹಿಂದೆಯೂ ಸಮವಾಗಿ ಎತ್ತರಿಸಿದರೆ ಕೋನಕ್ಕೆ ಹೆಚ್ಚು ಬಾಧೆಯಿಲ್ಲ. ಆದರೆ ಅಗ್ಗದ ಉಪಾಯವಾಗಿ ಸ್ಪ್ರಿಂಗಿನ ತುದಿಯನ್ನು ಚೌಕಟ್ಟಿಗೆ ತೂಗುಹಾಕುವ ಶಾಕಲ್ ಎಂಬ ಕೊಂಡಿಯನ್ನೇ ಉದ್ದ ಮಾಡಿಸುವ ವಾಡಿಕೆಯು ಬಹಳವಾಗಿದೆ. ಹಳೆಯ ಜೀಪುಗಳಲ್ಲಿ ಮುಂದಿನ ಸ್ಪ್ರಿಂಗಿನ ಶಾಕಲ್ ಮುಂತುದಿಯಲ್ಲಿರುತ್ತದೆ. ಅದನ್ನು ಉದ್ದ ಮಾಡಿದರೆ ಸ್ಪ್ರಿಂಗಿನ ಮೂತಿಯು ಕೆಳಗೆ ಬಾಗಿ, ಅದಕ್ಕೆ ಬಿಗಿದಿರುವ ಆಕ್ಸಲು ಮುಂದಕ್ಕೆ ಉರುಳಿ, ಕಿಂಗ್‌ಪಿನ್ನಿನ ತಲೆಯೂ ಮುಂದಕ್ಕೆ ಬರುವುದು.

ಲೆಕ್ಕವನ್ನು ನೋಡಿರಿ. ಶಾಕಲನ್ನು ಎರಡು ಅಂಗುಲ ಉದ್ದ ಮಾಡಿಸಿದರೆ ಗಾಡಿಯು ಏಳುವುದು ಒಂದೇ ಅಂಗುಲ. ಏಕೆಂದರೆ ಸ್ಪ್ರಿಂಗಿನ ಒಂದು ತುದಿ ಮಾತ್ರ ಇಳಿಯಿತು. ಹಳೆಯ ಜೀಪಿನ ಮುಂದಿನ ಸ್ಪ್ರಿಂಗು ಕಣ್ಣಿನಿಂದ ಕಣ್ಣಿಗೆ ಸುಮಾರು 36 ಅಂಗುಲ. ಅಷ್ಟು ಉದ್ದಕ್ಕೆ ಎರಡು ಅಂಗುಲದ ಇಳಿಜಾರೆಂದರೆ 3 ಡಿಗ್ರಿಗೂ ಸ್ವಲ್ಪ ಹೆಚ್ಚು. ಹಿಂಭಾಗವನ್ನೂ ಒಂದಂಗುಲ ಏರಿಸಿ ಗಾಡಿಯನ್ನು ಸಮವಾಗಿ ನಿಲ್ಲಿಸಿದ್ದರೆ, ಕಾರ್ಖಾನೆಯವರು ಕೊಟ್ಟ 3 ಡಿಗ್ರಿಯೂ ಅಲ್ಲಿಗೆ ಮುಗಿಯಿತು. ಒಂದು ಅಂಗುಲ ಎತ್ತರಕ್ಕಾಗಿ ಗಾಡಿಯ ನೇರನಡೆಯನ್ನೇ ತೆತ್ತಂತಾಯಿತು. ಇಂಥ ಗಾಡಿಗೆ ಹಳೆಯ ಅಳತೆಯ ಶಾಕಲ್‌ಗಳನ್ನೇ ಮರಳಿ ಹಾಕಿಸುವುದು ಎಲ್ಲಕ್ಕಿಂತ ಅಗ್ಗವಾದ, ಎಲ್ಲಕ್ಕಿಂತ ಒಳ್ಳೆಯ ಚಿಕಿತ್ಸೆ ಎಂಬುದು ನಮ್ಮ ಅಭಿಪ್ರಾಯ.

ಭಾರ ಹೊರಲೆಂದು ಹಿಂದಿನ ಸ್ಪ್ರಿಂಗಿಗೆ ಮಾತ್ರ ಪಟ್ಟಿಗಳನ್ನು ಸೇರಿಸುವುದೂ ಉಂಟು. ಹಿಂಭಾಗವು ಎರಡು ಅಂಗುಲ ಎದ್ದರೆ, 80 ಅಂಗುಲ ಅಂತರದ ಚಕ್ರಗಳುಳ್ಳ ಗಾಡಿಯು ಒಂದೂವರೆ ಡಿಗ್ರಿಗೆ ಸಮೀಪವಾಗಿ ಮೂಗು ತಗ್ಗಿಸುವುದು. ಅಷ್ಟೇ ಕಾಸ್ಟರ್ ನಷ್ಟವಾಗುವುದು. ಬರಿದಾದ ಗಾಡಿಯು ಅಲೆದು, ಮೂಟೆ ಹೇರಿದಾಗ ಸ್ವಲ್ಪ ನೆಟ್ಟಗಾದರೆ ಈ ದೋಷವನ್ನು ಶಂಕಿಸಬೇಕು. ಆದುದರಿಂದ ಕೋನವನ್ನು ಅಳೆಯುವಾಗ ಗಾಡಿಯಲ್ಲಿ ಸಾಮಾನ್ಯವಾಗಿ ಇರುವಷ್ಟೇ ಭಾರವಿರತಕ್ಕದ್ದು.

ಮೊದಲು ನೋಡತಕ್ಕ ಸಡಿಲುಗಳು

ಕೋನಕ್ಕೆ ಕೈಹಚ್ಚುವ ಮೊದಲು ಸವೆದ ಭಾಗಗಳನ್ನು ಹುಡುಕತಕ್ಕದ್ದು. ಇಲ್ಲವಾದರೆ ಮಾಡಿದ ಕೆಲಸವೆಲ್ಲವೂ ವ್ಯರ್ಥ. ಎರಡೂ ಮುಂದಿನ ಟೈರುಗಳು ಒಂದೇ ಅಳತೆ, ಒಂದೇ ಜಾತಿಯವಾಗಿರಲಿ. ಒಂದು ಕಡೆ ರೇಡಿಯಲ್, ಇನ್ನೊಂದು ಕಡೆ ಹಳೆಯ ಬಗೆಯ ನೈಲಾನ್ ಟೈರು ಇರಕೂಡದು. ಗಾಳಿಯೂ ಎರಡರಲ್ಲಿ ಸಮವಾಗಿರಲಿ.

ಎಂಜಿನ್ನನ್ನು ನಿಲ್ಲಿಸಿ, ಗಾಡಿಯನ್ನು ನೆಲದ ಮೇಲೆಯೇ ಬಿಟ್ಟು, ಒಬ್ಬನು ಸ್ಟಿಯರಿಂಗನ್ನು ಎಡಬಲಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಿರಲಿ. ಇನ್ನೊಬ್ಬನು ಕೆಳಗೆ ಮಲಗಿ ಪೆಟ್ಟಿಗೆಯಿಂದ ಹಿಡಿದು ಚಕ್ರದವರೆಗೆ ಒಂದೊಂದು ಕೀಲನ್ನೂ ನೋಡಲಿ. ಒಂದು ಭಾಗವು ಅಲುಗಿ, ಅದಕ್ಕೆ ತಗುಲಿದ ಮುಂದಿನ ಭಾಗವು ಅಲುಗದಿದ್ದರೆ ಸಡಿಲು ಅಲ್ಲಿಯೇ ಇದೆ. ಹಳೆಯ ಜೀಪುಗಳಲ್ಲಿ ಎರಡು ಟೈ ರಾಡುಗಳ ನಡುವೆ ಇರುವ ಬೆಲ್ ಕ್ರಾಂಕ್ ಎಂಬ ತೋಳಿನ ಗೂಟವು ಬೇಗ ಸವೆಯುವುದು. ಗ್ರೀಸು ಕಾಣದ ಗಾಡಿಗಳಲ್ಲಿ ದೋಷವು ಬಹುಮಟ್ಟಿಗೆ ಇಲ್ಲಿಯೇ ದೊರೆಯುವುದು. 1989ರ ಕೇಂದ್ರ ಮೋಟಾರು ವಾಹನಗಳ ನಿಯಮಗಳಂತೆ ಸ್ಟಿಯರಿಂಗ್ ಚಕ್ರದ ಬರಿಯ ಆಟವು 30 ಡಿಗ್ರಿಯನ್ನು ಮೀರಕೂಡದು. ಹದಿನಾರು ಅಂಗುಲ ಅಗಲದ ಚಕ್ರದ ಅಂಚಿನಲ್ಲಿ ಅದು ನಾಲ್ಕು ಅಂಗುಲಕ್ಕೂ ಮಿಕ್ಕುವುದು. ಕಾನೂನು ಒಪ್ಪಿದರೂ ಘಟ್ಟದ ದಾರಿಗೆ ಅಷ್ಟು ಆಟವು ತಕ್ಕುದಲ್ಲ.

ಅನಂತರ ಮುಂಭಾಗವನ್ನು ಜಾಕಿಯಿಂದ ಎತ್ತಿ, ಮರದ ದಿಮ್ಮಿಗಳನ್ನು ಭದ್ರವಾಗಿ ಕೊಟ್ಟು, ಚಕ್ರವನ್ನು ಮೇಲೆಯೂ ಕೆಳಗೂ ಹಿಡಿದು ಅಲುಗಿಸತಕ್ಕದ್ದು. ಅಲುಗಿದರೆ ಒಬ್ಬನು ಬ್ರೇಕನ್ನು ಒತ್ತಲಿ. ಆಗ ಅಲುಗಾಟವು ನಿಂತರೆ ಚಕ್ರದ ಬೇರಿಂಗು ಸಡಿಲ. ನಿಲ್ಲದಿದ್ದರೆ ಕಿಂಗ್‌ಪಿನ್ನಿನ ಬೇರಿಂಗು ಸಡಿಲ. ಸ್ಪ್ರಿಂಗಿನ ಬುಷ್‌ಗಳನ್ನೂ ಆಕ್ಸಲನ್ನು ಹಿಡಿದಿರುವ ಯು-ಬೋಲ್ಟುಗಳನ್ನೂ ಇದೇ ವೇಳೆಯಲ್ಲಿ ನೋಡಬೇಕು.

ಇಲ್ಲಿ ಒಂದು ಎಚ್ಚರಿಕೆ. ಗಾಡಿಯು ಅಲೆದರೆ ಸ್ಟಿಯರಿಂಗ್ ಪೆಟ್ಟಿಗೆಯ ಮೇಲಿನ ತಿರುಪನ್ನು ಬಿಗಿಮಾಡುವುದೇ ಕೆಲವು ದುರಸ್ತಿಗಾರರ ಮೊದಲ ಕೆಲಸ. ಅತಿಯಾಗಿ ಬಿಗಿದ ಪೆಟ್ಟಿಗೆಯು ಚಕ್ರಗಳನ್ನು ನೇರಕ್ಕೆ ಮರಳಗೊಡದು, ರೋಗವು ಉಲ್ಬಣಿಸುವುದು. ಸ್ಟಿಯರಿಂಗಿಗೆ ಅದುರುತಡೆಯನ್ನು ಹಾಕಿಸಿರೆಂದು ಹೇಳುವವರೂ ಉಂಟು. ಅದು ನಡುಕವನ್ನು ಮರೆಮಾಡಬಲ್ಲುದೇ ಹೊರತು ಕಳೆದುಹೋದ ಕೋನವನ್ನು ತಂದುಕೊಡಲಾರದು.

ಕೋನದ ಪರೀಕ್ಷೆ ಮತ್ತು ಬೆಣೆ

ಬಯಲಿನಲ್ಲಿ, ನಡಿಗೆಗಿಂತ ತುಸು ಹೆಚ್ಚಿನ ವೇಗದಲ್ಲಿ ಗಾಡಿಯನ್ನು ತಿರುಗಿಸಿ, ಹಿಡಿತವನ್ನು ಸಡಿಲಿಸಿರಿ. ಸ್ಟಿಯರಿಂಗು ತಾನಾಗಿ ಮರಳಬೇಕು. ಮರಳದಿದ್ದರೆ ಮುಂಭಾಗವನ್ನು ಎತ್ತಿ ಚಕ್ರಗಳನ್ನು ಕೈಯಿಂದ ತಿರುಗಿಸಿ ನೋಡಿರಿ. ಎತ್ತಿದಾಗಲೂ ಬಿಗಿಯಾಗಿದ್ದರೆ ಕೀಲುಗಳು ಒಣಗಿವೆ ಅಥವಾ ಪೆಟ್ಟಿಗೆಯು ಬಿಗಿದಿದೆ. ಹಗುರವಾಗಿ ತಿರುಗಿದರೂ ನೆಲದ ಮೇಲೆ ಮರಳುವುದಿಲ್ಲವೆಂದರೆ ಕೋನವೇ ಕಡಿಮೆಯಾಗಿದೆಯೆಂದು ನಿಶ್ಚಯಿಸಬಹುದು.

ಅಳೆಯಲು ದೊಡ್ಡ ಯಂತ್ರವೇನೂ ಬೇಡ. ಗಾಡಿಯನ್ನು ರಸಮಟ್ಟದಿಂದ ನೋಡಿದ ಸಮನೆಲದಲ್ಲಿ, ಚಕ್ರಗಳು ನೇರವಾಗಿರುವಂತೆ ನಿಲ್ಲಿಸಿ, ಗಾರೆಯವರ ತೂಗುಗುಂಡನ್ನು ಕಿಂಗ್‌ಪಿನ್ನಿನ ಪಕ್ಕದಲ್ಲಿ ಇಳಿಬಿಟ್ಟು, ಮೇಲಿನ ಪಿನ್ನಿನ ನಡುವು ಕೆಳಗಿನದಕ್ಕಿಂತ ಎಷ್ಟು ಹಿಂದಿದೆಯೆಂದು ನೋಡತಕ್ಕದ್ದು. ಒಂದು ಅಡಿ ಎತ್ತರಕ್ಕೆ 5/8 ಅಂಗುಲ ಹಿಂದಿದ್ದರೆ 3 ಡಿಗ್ರಿ. ಅರ್ಧ ಅಡಿಗೆ ಅದರ ಅರ್ಧ.

ಕೊರತೆಯನ್ನು ತುಂಬಲು ಆಕ್ಸಲಿಗೂ ಸ್ಪ್ರಿಂಗಿಗೂ ನಡುವೆ ಉಕ್ಕಿನ ಬೆಣೆಯನ್ನು ಇಡುವುದು ಕ್ರಮ. ಬೆಣೆಯು ಸ್ಪ್ರಿಂಗಿನಷ್ಟೇ ಅಗಲವಿರಲಿ. ಐದು ಅಂಗುಲ ಉದ್ದದ ಬೆಣೆಯ ಎರಡು ತುದಿಗಳ ದಪ್ಪದಲ್ಲಿ ಕಾಲು ಅಂಗುಲದ ಅಂತರವಿದ್ದರೆ ಅದು ಸುಮಾರು 3 ಡಿಗ್ರಿಯನ್ನು ಕೊಡುವುದು. ಅದರ ದಪ್ಪ ತುದಿಯು ಯಾವ ಕಡೆಗಿರಬೇಕೆಂಬುದರಲ್ಲಿ ಬಹು ಜನರು ತಪ್ಪುವರು. ಹಳೆಯ ಜೀಪಿನಂತೆ ಸ್ಪ್ರಿಂಗು ಆಕ್ಸಲಿನ ಕೆಳಗಿದ್ದರೆ ದಪ್ಪ ತುದಿಯು ಮುಂದಕ್ಕಿರಬೇಕು. ಸ್ಪ್ರಿಂಗು ಆಕ್ಸಲಿನ ಮೇಲಿದ್ದರೆ ದಪ್ಪ ತುದಿಯು ಹಿಂದಕ್ಕಿರಬೇಕು. ಎರಡರಲ್ಲಿಯೂ ಉದ್ದೇಶವೊಂದೇ: ಕಿಂಗ್‌ಪಿನ್ನಿನ ತಲೆಯು ಹಿಂದಕ್ಕೆ ವಾಲಬೇಕು. ತಿರುಗುಮುರುಗಾದರೆ ಮೊದಲಿಗಿಂತ ಇಮ್ಮಡಿ ಕೇಡು. ಆದುದರಿಂದ ಬಿಗಿದ ಮೇಲೆ ತೂಗುಗುಂಡಿನಿಂದ ಮತ್ತೊಮ್ಮೆ ನೋಡದೆ ಗಾಡಿಯನ್ನು ರಸ್ತೆಗೆ ಬಿಡಕೂಡದು.

ಬೆಣೆಯು ಮರದ್ದಾಗಲಿ, ಮಡಿಸಿದ ತಗಡಿನದಾಗಲಿ ಆಗಿರಕೂಡದು. ಅವು ಜಜ್ಜಿಹೋಗಿ ಯು-ಬೋಲ್ಟುಗಳು ಸಡಿಲವಾಗುವುವು. ಬೆಣೆಯ ದಪ್ಪದಿಂದ ಸ್ಪ್ರಿಂಗಿನ ನಡುಬೋಲ್ಟಿನ ತಲೆಯು ಆಕ್ಸಲಿನ ಗುಳಿಯಲ್ಲಿ ಕೂರದೆ ಹೋಗಬಹುದು. ಹಾಗಾದರೆ ಆಕ್ಸಲು ಜರುಗುವುದು ಖಂಡಿತ. ಉದ್ದನೆಯ ನಡುಬೋಲ್ಟನ್ನೂ ತಕ್ಕ ಯು-ಬೋಲ್ಟುಗಳನ್ನೂ ಹೊಸದಾಗಿಯೇ ಹಾಕಿಸಬೇಕು. ಹೆಚ್ಚು ಕೋನವಾದರೆ ಹೆಚ್ಚು ಒಳ್ಳೆಯದೆಂದು ಎಣಿಸುವುದೂ ಬೇಡ. ಆಕ್ಸಲನ್ನು ಹಿಂದಕ್ಕೆ ಉರುಳಿಸಿದಷ್ಟೂ ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಕೀಲಿಗೆ ಸೊಟ್ಟವು ಹೆಚ್ಚುವುದು. ನಾಲ್ಕು ಚಕ್ರದ ಬಲವನ್ನು ಹಾಕಿದೊಡನೆ ಗಾಡಿಯು ಅದುರುವುದು. ಸ್ಟಿಯರಿಂಗೂ ಭಾರವಾಗುವುದು, ಒಮ್ಮೊಮ್ಮೆ ಮುಂಚಕ್ರಗಳು ತಲೆಯೊದರುವುದೂ ಉಂಟು. ಕಾರ್ಖಾನೆಯ ಅಳತೆಗೆ ತಂದರೆ ಸಾಕು. ಅದಕ್ಕೆ 4 ಡಿಗ್ರಿಗಿಂತ ದೊಡ್ಡ ಬೆಣೆಯು ಬೇಕಾಗುವುದಾದರೆ ಗಾಡಿಯನ್ನು ಅತಿಯಾಗಿ ಎತ್ತರಿಸಿದೆಯೆಂದೇ ಅರ್ಥ, ಅದನ್ನು ಇಳಿಸತಕ್ಕದ್ದು.

ಸ್ಟಿಯರಿಂಗ್ ಪೆಟ್ಟಿಗೆಯಿಂದ ಮುಂದಕ್ಕೆ ಹೋಗುವ ಡ್ರಾಗ್ ಲಿಂಕ್ ಎಂಬ ಸರಳೂ ಎತ್ತರದಿಂದ ಕಡಿದಾಗಿ ಇಳಿಯುವುದು. ಆಗ ಹೊಂಡಕ್ಕೆ ಇಳಿದಾಗಲೆಲ್ಲ ಅದು ಚಕ್ರಗಳನ್ನು ತಾನೇ ತಿರುಗಿಸುವುದು. ಈ ದೋಷವನ್ನು ಬೆಣೆಯು ತೀರಿಸದು. ಎತ್ತರವನ್ನು ತಗ್ಗಿಸಬೇಕು, ಇಲ್ಲವೆ ಸರಳನ್ನು ಸಮಕ್ಕೆ ತರುವ ತಯಾರಕರ ತೋಳನ್ನು ಹಾಕಿಸಬೇಕು. ಸರಳನ್ನಾಗಲಿ ತೋಳನ್ನಾಗಲಿ ಕುಲುಮೆಯಲ್ಲಿ ಕಾಯಿಸಿ ಬಗ್ಗಿಸುವುದನ್ನು ಎಂದಿಗೂ ಒಪ್ಪಕೂಡದು. ಅದು ಮುರಿದ ಕ್ಷಣದಲ್ಲಿ ಚಾಲಕನ ಕೈಯಲ್ಲಿ ಬರಿಯ ಚಕ್ರವೊಂದೇ ಉಳಿಯುವುದು.

ಕೋನವು ಸರಿಯಾದ ಮೇಲೆಯೇ ಚಕ್ರಗಳ ಒಳಮುಖವನ್ನು ನೋಡತಕ್ಕದ್ದು. ಎರಡೂ ಟೈರುಗಳ ನಡುವೆ ಸೀಮೆಸುಣ್ಣದ ಗೆರೆ ಎಳೆದು, ಗುಂಬದ ಎತ್ತರದಲ್ಲಿ ಗೆರೆಯಿಂದ ಗೆರೆಗೆ ಮುಂದೆ ಒಮ್ಮೆ ಅಳೆದು, ಅದೇ ಗುರುತು ಹಿಂದಕ್ಕೆ ಬರುವಂತೆ ಗಾಡಿಯನ್ನು ಮುಂದಕ್ಕೆ ನೂಕಿ ಮತ್ತೆ ಅಳೆಯಬೇಕು. ಹಳೆಯ ಜೀಪಿಗೆ ಮುಂದಿನ ಅಳತೆಯು ಹಿಂದಿನದಕ್ಕಿಂತ ಸುಮಾರು 1/16 ಅಂಗುಲ ಕಡಿಮೆಯಿರಬೇಕು. ಮುಂದೆ ಹೆಚ್ಚಿದ್ದರೆ ಗಾಡಿಯು ಅಲೆಯುವುದು, ಟೈರೂ ಬೇಗ ಸವೆಯುವುದು.

ಇಲ್ಲಿ ಹೇಳಿದುದೆಲ್ಲವೂ ಒಂದೇ ಗಟ್ಟಿ ಆಕ್ಸಲು ಮತ್ತು ಪಟ್ಟಿಯ ಸ್ಪ್ರಿಂಗುಳ್ಳ ಗಾಡಿಗಳಿಗೆ ಮಾತ್ರ. ಮುಂಚಕ್ರಗಳು ಪ್ರತ್ಯೇಕವಾಗಿ ಏಳುಬೀಳುವ ಈಚಿನ ಗಾಡಿಗಳ ಕ್ರಮವೇ ಬೇರೆ. ಮತ್ತು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣದಂತೆ, ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸುವುದಕ್ಕೆ ನಿಷೇಧವಿದೆ. ಅಪಘಾತವಾದಲ್ಲಿ ವಿಮೆಯ ವಿಷಯದಲ್ಲಿಯೂ ತಂಟೆಯುಂಟಾಗಬಹುದು. ಗ್ರಾಮದ ಯಜಮಾನರು ಇದನ್ನು ತಮ್ಮ ಊರಿನ ಗಾಡಿ ಮಾಲೀಕರಿಗೆ ತಿಳಿಸುವುದೊಳ್ಳೆಯದು.

ಬೆಣೆಯನ್ನು ಹಾಕಿಸಿದ ಗಾಡಿಯು ಮೊದಲ ನೂರು ಕಿಲೋಮೀಟರು ನಡೆದ ಮೇಲೆ ಯು-ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಮಾಡಿಸತಕ್ಕದ್ದು. ಮಳೆಗಾಲದಲ್ಲಿ ಹಳ್ಳ ದಾಟುವ ಗಾಡಿಗಳ ಬೆಲ್ ಕ್ರಾಂಕಿಗೂ ಟೈ ರಾಡಿನ ತುದಿಗಳಿಗೂ ವಾರಕ್ಕೊಮ್ಮೆಯಾದರೂ ಗ್ರೀಸು ಕೊಡಿಸುತ್ತಿರಬೇಕು.