ಮೆನುವಿನ ಕನ್ನಡ: ಜಾವಾ ಜಾಲಪುಟದಲ್ಲೊಂದು ವಿಭಕ್ತಿಪಾಠ

ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಜಾವಾದ ಗೊಡವೆ ಏಕೆ ಎಂದು ನೀವು ಕೇಳಬಹುದು. ಜಾಲಪುಟವನ್ನು ತೆರೆದವನ ಕಣ್ಣಿಗೆ ಮೊದಲು ಬೀಳುವುದು ಮೆನುವಿನ ಐದಾರು ಪದಗಳು. ಅವನ್ನು ಆರಿಸುವವನಿಗೆ ಕನ್ನಡ ವ್ಯಾಕರಣ ತಿಳಿದಿರಲೇಬೇಕೆಂಬ ನಿಯಮವಿಲ್ಲ. ಆ ಕೆಲಸ ನಿಮ್ಮದಾಗಬಹುದು.

ಜಾವಾದಲ್ಲಿ ಮೆನುವಿನ ಪದಗಳನ್ನು ಕ್ರಮವಿಧಿಯೊಳಗೇ ಬರೆದುಬಿಡುವುದು ಒಳ್ಳೆಯ ಪದ್ಧತಿಯಲ್ಲ. ಅವುಗಳಿಗೆ 'ಪ್ರಾಪರ್ಟೀಸ್' ಎಂಬ ಪ್ರತ್ಯೇಕ ಕಡತವಿರುತ್ತದೆ. ಪ್ರತಿ ಸಾಲಿನ ಎಡಕ್ಕೆ ಕೀಲಿಪದ, ನಡುವೆ ಸಮಚಿಹ್ನೆ, ಬಲಕ್ಕೆ ತೆರೆಯ ಮೇಲೆ ಕಾಣಬೇಕಾದ ಪದ. ಭಾಷೆಗೊಂದು ಕಡತ, ಹೆಸರಿನ ಕೊನೆಯಲ್ಲಿ ಕನ್ನಡಕ್ಕೆ 'ಕೆಎನ್', ಮರಾಠಿಗೆ 'ಎಂಆರ್'. ಓದುಗನು ಆರಿಸಿದ ಭಾಷೆಯ ಕಡತವನ್ನು 'ರಿಸೋರ್ಸ್ ಬಂಡಲ್' ತೆರೆಯುತ್ತದೆ. 2017ರಲ್ಲಿ ಬಂದ ಜಾವಾ 9ಕ್ಕೆ ಮುನ್ನ ಈ ಕಡತದಲ್ಲಿ 'ಕ' ಎಂಬ ಒಂದಕ್ಷರಕ್ಕೆ ಓರೆಗೆರೆ, 'ಯು', ಬಳಿಕ '0ಸಿ95' ಎಂಬ ಸಂಕೇತವನ್ನು ಬರೆಯಬೇಕಾಗುತ್ತಿತ್ತು. ಈಗ ಕನ್ನಡವನ್ನು ಕನ್ನಡದಲ್ಲಿಯೇ ಬರೆಯಬಹುದು.

ಪದಗಳ ಆಯ್ಕೆಯಲ್ಲಿ ನಮ್ಮ ಸೊಲ್ಲಾಪುರ, ಅಕ್ಕಲಕೋಟ ಸೀಮೆಯವರಿಗೆ ವಿಶೇಷ ಎಚ್ಚರ ಬೇಕು. ಮರಾಠಿಯ 'ನಿಕಾಲ', 'ಅಭ್ಯಾಸಕ್ರಮ' ನಮ್ಮ ಮಾತಿನಲ್ಲಿ ಬೆರೆತರೆ ನನಗೇನೂ ಆಕ್ಷೇಪವಿಲ್ಲ. ಕನ್ನಡ ಕಡತದಲ್ಲಿ ಮಾತ್ರ 'ಫಲಿತಾಂಶ', 'ಪಠ್ಯಕ್ರಮ' ಇರಲಿ. ಮರಾಠಿಯ 'ಶೋಧಾ' ಗೌರವದ ಆಜ್ಞಾರ್ಥ. ಕನ್ನಡದಲ್ಲಿ 'ಹುಡುಕು' ಎಂದರೆ ಯಂತ್ರಕ್ಕೆ ನಾವು ಹೇಳಿದಂತೆ, 'ಹುಡುಕಿ' ಎಂದರೆ ಯಂತ್ರವು ನಮಗೆ ಹೇಳಿದಂತೆ. ಯಾವುದಾದರೂ ಸರಿಯೇ, ಆದರೆ ಒಂದೇ ಮೆನುವಿನಲ್ಲಿ ಎರಡೂ ಸಲ್ಲವು.

ನಿಜವಾದ ತೊಡಕು ಇರುವುದು ಓದುಗನ ಹೆಸರು ಬರುವೆಡೆಯಲ್ಲಿ. ಹೆಸರಿನ ಸ್ಥಾನದಲ್ಲಿ ಬಾಗುಆವರಣದೊಳಗೆ ಸೊನ್ನೆಯನ್ನಿಟ್ಟರೆ 'ಮೆಸೇಜ್ ಫಾರ್ಮ್ಯಾಟ್' ಅಲ್ಲಿ ಹೆಸರನ್ನು ತುಂಬುತ್ತದೆ. ಅದರ ಮುಂದೆ 'ಗೆ ಸ್ವಾಗತ' ಎಂದು ಬರೆದರೆ 'ಶಾಂತಿಗೆ' ಎಂಬುದು ಸರಿಹೋದೀತು. 'ರಾಮಗೆ', 'ರಾಜುಗೆ' ಎಂಬವು ಗ್ರಾಂಥಿಕ ಕನ್ನಡಕ್ಕೆ ಒಪ್ಪವು. 'ರಾಮನಿಗೆ' ಎನ್ನುವಲ್ಲಿ ನಕಾರವೂ 'ರಾಜುವಿಗೆ' ಎನ್ನುವಲ್ಲಿ ವಕಾರವೂ ಬರಬೇಕೆಂಬುದು ಯಂತ್ರಕ್ಕೆ ತಾನಾಗಿ ತಿಳಿಯದು. ಪರಿಹಾರವು ನಮ್ಮ ಗೌರವವಾಚಕದಲ್ಲಿಯೇ ಇದೆ: ಹೆಸರಿನ ಬಳಿಕ ಸ್ಥಳ ಬಿಟ್ಟು 'ಅವರಿಗೆ ಸ್ವಾಗತ' ಎನ್ನಿರಿ. ಪ್ರತ್ಯಯವನ್ನು 'ಅವರು' ಹೊತ್ತುಕೊಳ್ಳುತ್ತದೆ, ಹೆಸರು ಹಾಗೆಯೇ ಉಳಿಯುತ್ತದೆ. ಮರಾಠಿಯಲ್ಲಿ 'ರಾಮ' ಎಂಬುದು 'ರಾಮಾಚೆ' ಎಂದು ಸಾಮಾನ್ಯರೂಪ ತಾಳುವುದನ್ನು 'ಯಾಂಚೆ' ತಪ್ಪಿಸುವುದೂ ಹೀಗೆಯೇ. ಎರಡು ಭಾಷಾಕುಲಗಳು ಒಂದೇ ಉಪಾಯಕ್ಕೆ ಬಂದಿರುವುದು ನನಗಂತೂ ಸೋಜಿಗ.

ಇನ್ನು ಚೌಕಟ್ಟು. ಪುಟವನ್ನು 'ಫ್ರೇಮ್'ಗಳಾಗಿ ಸೀಳಿ ಒಂದರಲ್ಲಿ ಮೆನುವನ್ನಿಡುವ ರೂಢಿ ಹಿಂದಿತ್ತು. ಎಚ್‌ಟಿಎಂಎಲ್ 5 ಅದನ್ನು ಕೈಬಿಟ್ಟಿದೆ. ಈಗ ಮೆನುವನ್ನು ಒಂದು ಜೆಎಸ್‌ಪಿ ಕಡತದಲ್ಲಿ ಬರೆದು ಎಲ್ಲ ಪುಟಗಳಿಗೂ 'ಇನ್‌ಕ್ಲೂಡ್' ಮೂಲಕ ಸೇರಿಸುತ್ತಾರೆ. ಮೆನುಪಟ್ಟಿಯ ಎತ್ತರವನ್ನು ಮಾತ್ರ ಇಂಗ್ಲಿಷ್ ಅಕ್ಷರದ ಅಳತೆಗೆ ಬಿಗಿಯಬೇಡಿರಿ. ಒತ್ತಕ್ಷರ ಕೆಳಗೆ ಇಳಿಯುತ್ತದೆ. ಚೌಕಟ್ಟು ಅದನ್ನು ಕತ್ತರಿಸಿದರೆ 'ಪಟ್ಟಿ' ಎಂಬುದು 'ಪಟಿ' ಎಂದೂ 'ಹಬ್ಬ' ಎಂಬುದು 'ಹಬ' ಎಂದೂ ಕಂಡೀತು.

ಅಭ್ಯಾಸ: ನಮ್ಮ ವಿಭಾಗದ ಪುಟಕ್ಕೆಂದು ಎಂಟು ಪದಗಳ ಮೆನುವನ್ನು ಎರಡೂ ಭಾಷೆಗಳಲ್ಲಿ ಬರೆದು ತನ್ನಿರಿ. ಅದರಲ್ಲಿ ಒಂದಾದರೂ ವಾಕ್ಯದಲ್ಲಿ ಹೆಸರಿನ ಸ್ಥಾನವಿರಲಿ. ಅಲ್ಲಿ ಷಷ್ಠೀ ವಿಭಕ್ತಿ ಬರಲಿ.